ಜ್ವರ ಇಳಿದ ಮೇಲೆ ಲಕ್ವ ಹೊಡೆಯುವುದು ಯಾಕೆ?

ಕೋವಿಡ್ ಎಂದರೆ ನಮಗೆಲ್ಲ ಮೊದಲು ನೆನಪಾಗುವುದು ಕೆಮ್ಮು, ಉಸಿರಾಟದ ತೊಂದರೆ, ಆಕ್ಸಿಜನ್ ಸಿಲಿಂಡರ್. ಅದು ಶ್ವಾಸಕೋಶದ ಕಾಯಿಲೆ ಎಂದೇ ಎಲ್ಲರೂ ತಿಳಿದಿದ್ದರು. ಆದರೆ 2020 ಮತ್ತು 2021ರಲ್ಲಿ ಹಲವು ಮನೆಗಳಲ್ಲಿ ಇನ್ನೊಂದು ಸಂಗತಿ ನಡೆಯಿತು. ಜ್ವರ ಬಂತು, ಕೆಲವು ದಿನಕ್ಕೆ ಇಳಿಯಿತು, ಮನೆಯವರು ನಿಟ್ಟುಸಿರು ಬಿಟ್ಟರು. ಅಷ್ಟರಲ್ಲಿ ಒಂದು ಬೆಳಿಗ್ಗೆ ರೋಗಿಯ ಬಾಯಿ ಒಂದು ಕಡೆಗೆ ವಾಲಿತು, ಕೈ ಎತ್ತಲು ಆಗಲಿಲ್ಲ. ಕನ್ನಡದಲ್ಲಿ ಇದಕ್ಕೆ ಪಾರ್ಶ್ವವಾಯು ಎನ್ನುತ್ತಾರೆ. ನಮ್ಮ ಕಡೆ ಎಲ್ಲರೂ ಹೇಳುವುದು ಲಕ್ವ. ಉರ್ದು ಮಾತಾಡುವ ಮನೆಗಳಲ್ಲಿ ಫಾಲಿಜ್ ಎಂಬ ಮಾತೂ ಇದೆ. ವೈದ್ಯರು ಸ್ಟ್ರೋಕ್ ಎನ್ನುತ್ತಾರೆ.

ನಾನು ಕಾಮರ್ಸ್ ವಿಭಾಗದ ವಿದ್ಯಾರ್ಥಿ, ಜೀವಶಾಸ್ತ್ರ ನನ್ನ ವಿಷಯವಲ್ಲ. ಆದರೂ ಇದನ್ನು ಬರೆಯಲು ಕಾರಣವಿದೆ. ಈ ಕಾಯಿಲೆಯಲ್ಲಿ ಔಷಧಿಗಿಂತ ಮೊದಲು ಬೇಕಾಗುವುದು ಗಡಿಯಾರ. ಯಾವ ಊರಿನಿಂದ ಎಷ್ಟು ಹೊತ್ತಿಗೆ ಹೊರಟೆವು ಎಂಬುದರ ಮೇಲೆ ಒಬ್ಬ ಮನುಷ್ಯ ಮತ್ತೆ ನಡೆಯುತ್ತಾನೋ ಇಲ್ಲವೋ ಎಂಬುದು ನಿಂತಿರುತ್ತದೆ. ಈ ಲೆಕ್ಕ ಪ್ರತಿ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು.

ಲಕ್ವ ಎಂದರೆ ಏನು?

ಲಕ್ವ ಹೊಡೆದಾಗ ಕೆಲಸ ಮಾಡದೇ ಹೋಗುವುದು ಕೈಕಾಲು. ಆದರೆ ತೊಂದರೆ ಇರುವುದು ಕೈಕಾಲಿನಲ್ಲಿ ಅಲ್ಲ, ಮೆದುಳಿನಲ್ಲಿ. ಮೆದುಳಿಗೆ ರಕ್ತ ಒಯ್ಯುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದರೆ ಆ ಭಾಗಕ್ಕೆ ಆಮ್ಲಜನಕ ಹೋಗುವುದಿಲ್ಲ. ಹೆಚ್ಚಿನ ಲಕ್ವಗಳು ಇಂಥವು. ಉಳಿದವು ನಾಳ ಒಡೆದು ಮೆದುಳಿನೊಳಗೆ ರಕ್ತ ಸೋರುವುದರಿಂದ ಆಗುತ್ತವೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರಹ ಕಾಣುತ್ತವೆ. ಯಾವುದು ಎಂದು ತಿಳಿಯಲು ಸಿ.ಟಿ. ಸ್ಕ್ಯಾನ್ ಬೇಕೇ ಬೇಕು.

ಮೆದುಳಿನ ಎಡಭಾಗ ದೇಹದ ಬಲಭಾಗವನ್ನು ನಡೆಸುತ್ತದೆ, ಬಲಭಾಗ ಎಡಭಾಗವನ್ನು ನಡೆಸುತ್ತದೆ. ಹೆಚ್ಚಿನವರಿಗೆ ಮಾತಿನ ಕೇಂದ್ರ ಎಡಭಾಗದಲ್ಲಿದೆ. ಆದ್ದರಿಂದಲೇ ಬಲಗೈ ಬಿದ್ದುಹೋದ ಅನೇಕರಿಗೆ ಮಾತೂ ನಿಲ್ಲುತ್ತದೆ.

ದೊಡ್ಡ ನಾಳವೊಂದು ಮುಚ್ಚಿದಾಗ ಚಿಕಿತ್ಸೆ ಸಿಗದ ಒಂದೊಂದು ನಿಮಿಷಕ್ಕೂ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ.

ವೈರಸ್ ಮೆದುಳಿನ ನಾಳಕ್ಕೆ ಏನು ಮಾಡುತ್ತದೆ?

ಕೊರೊನಾ ವೈರಸ್ ನಮ್ಮ ಕೋಶಗಳೊಳಗೆ ಹೋಗಲು ಎಸಿಇ-2 ಎಂಬ ಬಾಗಿಲನ್ನು ಬಳಸುತ್ತದೆ. ಈ ಬಾಗಿಲು ಶ್ವಾಸಕೋಶದಲ್ಲಿ ಮಾತ್ರವಲ್ಲ, ರಕ್ತನಾಳಗಳ ಒಳಪದರದಲ್ಲೂ ಇದೆ. ಆ ಒಳಪದರ ನುಣುಪಾಗಿದ್ದರೆ ಮಾತ್ರ ರಕ್ತ ಸರಾಗವಾಗಿ ಹರಿಯುತ್ತದೆ. ಸೋಂಕಿನಿಂದ ಅದಕ್ಕೆ ಉರಿಯೂತ ಬಂದರೆ ಗಾಯವಾದ ಜಾಗದಲ್ಲಿ ಆಗುವಂತೆ ಅಲ್ಲಿ ರಕ್ತ ಹೆಪ್ಪುಗಟ್ಟಲು ಶುರುವಾಗುತ್ತದೆ.

ಎರಡನೆಯ ಕಾರಣ, ವೈರಸ್ ವಿರುದ್ಧ ಹೋರಾಡುವಾಗ ದೇಹವೇ ಕೆಲವೊಮ್ಮೆ ಅತಿಯಾಗಿ ವರ್ತಿಸುತ್ತದೆ. ಆಗ ರಕ್ತದಲ್ಲಿ ಹೆಪ್ಪುಗಟ್ಟಿಸುವ ಅಂಶಗಳು ಏರುತ್ತವೆ. ಕೋವಿಡ್ ಕಾಲದಲ್ಲಿ ವೈದ್ಯರು ಡಿ-ಡೈಮರ್ ಎಂಬ ರಕ್ತಪರೀಕ್ಷೆ ಬರೆದುಕೊಡುತ್ತಿದ್ದುದು ನಮ್ಮ ಮನೆಯ ಹಿರಿಯರಿಗೆ ನೆನಪಿರಬಹುದು. ದೇಹದಲ್ಲಿ ಎಲ್ಲೋ ಹೆಪ್ಪು ಕಟ್ಟಿ ಕರಗುತ್ತಿದೆ ಎಂಬ ಸುಳಿವನ್ನು ಆ ಪರೀಕ್ಷೆ ಕೊಡುತ್ತದೆ. ತೀವ್ರ ಕೋವಿಡ್ ಇದ್ದವರಿಗೆ ಆಸ್ಪತ್ರೆಯಲ್ಲಿ ಹೊಟ್ಟೆಗೆ ಚುಚ್ಚುತ್ತಿದ್ದ ಹೆಪಾರಿನ್ ಇಂಜೆಕ್ಷನ್ ಇದಕ್ಕಾಗಿಯೇ.

ಇದರ ಜೊತೆ ಇನ್ನೂ ಕೆಲವು ಸೇರಿಕೊಳ್ಳುತ್ತವೆ. ಜ್ವರದಲ್ಲಿ ನೀರು ಕುಡಿಯದೆ ದೇಹ ಒಣಗುವುದು, ದಿನಗಟ್ಟಲೆ ಮಲಗಿಯೇ ಇರುವುದು, ರಕ್ತದಲ್ಲಿ ಆಮ್ಲಜನಕ ಇಳಿಯುವುದು, ಹೃದಯದ ಬಡಿತ ತಾಳ ತಪ್ಪುವುದು. ಹೃದಯ ಸರಿಯಾಗಿ ಬಡಿಯದಿದ್ದರೆ ಅದರೊಳಗೆ ರಕ್ತ ನಿಂತು ಹೆಪ್ಪಾಗಿ, ಅಲ್ಲಿಂದ ಹೊರಟು ಮೆದುಳಿನ ನಾಳದಲ್ಲಿ ಸಿಕ್ಕಿಕೊಳ್ಳಬಹುದು. ಮೊದಲೇ ಬಿಪಿ, ಶುಗರ್ ಇದ್ದವರಿಗೆ ಈ ಎಲ್ಲ ಅಪಾಯಗಳೂ ಹೆಚ್ಚು.

2021ರ ಮೇ ತಿಂಗಳಲ್ಲಿ ನಮ್ಮ ರಾಜ್ಯದಲ್ಲಿ ಕಪ್ಪು ಶಿಲೀಂಧ್ರದ ಸುದ್ದಿ ಎಲ್ಲ ಕಡೆ ಇತ್ತು. ಕೋವಿಡ್ ಬಂದ, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದ, ಸ್ಟೀರಾಯ್ಡ್ ತೆಗೆದುಕೊಂಡವರಲ್ಲೇ ಅದು ಹೆಚ್ಚು ಕಂಡಿತು. ಮೂಗಿನಿಂದ ಕಣ್ಣಿಗೆ, ಕಣ್ಣಿನಿಂದ ಮೆದುಳಿಗೆ ಹರಡಿ ಅಲ್ಲಿನ ರಕ್ತನಾಳವನ್ನೂ ಮುಚ್ಚಬಲ್ಲದು. ಹೀಗೆ ಅದೂ ಲಕ್ವಕ್ಕೆ ಒಂದು ದಾರಿಯಾಯಿತು.

ಅಂಕಿಗಳು ಹೇಳುವುದು

2020ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ವೈದ್ಯರು ಒಂದು ವರದಿ ಕೊಟ್ಟರು. ಎರಡೇ ವಾರದಲ್ಲಿ 50 ವರ್ಷದೊಳಗಿನ ಐವರು ಕೋವಿಡ್ ರೋಗಿಗಳು ದೊಡ್ಡ ನಾಳ ಮುಚ್ಚಿದ ಲಕ್ವದಿಂದ ಅವರ ಬಳಿ ಬಂದಿದ್ದರು. ಅವರಲ್ಲಿ ಚಿಕ್ಕವರ ವಯಸ್ಸು 33. ಮೊದಲು ಅಲ್ಲಿ ಎರಡು ವಾರಕ್ಕೆ ಇಂಥ ಒಬ್ಬ ರೋಗಿಯೂ ಸರಾಸರಿ ಬರುತ್ತಿರಲಿಲ್ಲ.

ಇದು ಯಾವ ಜ್ವರಕ್ಕಾದರೂ ಆಗುವುದಲ್ಲವೇ ಎಂದು ಕೇಳಬಹುದು. ಅದಕ್ಕೂ ಉತ್ತರವಿದೆ. ಅದೇ ನ್ಯೂಯಾರ್ಕಿನ ಎರಡು ಆಸ್ಪತ್ರೆಗಳಲ್ಲಿ ಕೋವಿಡ್‌ನಿಂದ ಬಂದ 1,916 ರೋಗಿಗಳಲ್ಲಿ 31 ಮಂದಿಗೆ ಲಕ್ವ ಹೊಡೆದಿತ್ತು. ಹಿಂದಿನ ವರ್ಷಗಳಲ್ಲಿ ಫ್ಲೂ ಜ್ವರದಿಂದ ಬಂದಿದ್ದ 1,486 ಮಂದಿಯಲ್ಲಿ ಲಕ್ವ ಹೊಡೆದದ್ದು 3 ಮಂದಿಗೆ. ಸಾವಿರಕ್ಕೆ ಲೆಕ್ಕ ಹಾಕಿದರೆ ಕೋವಿಡ್‌ನಲ್ಲಿ 16, ಫ್ಲೂನಲ್ಲಿ 2.

ನಮ್ಮ ರಾಜ್ಯದ್ದೇ ಲೆಕ್ಕವೂ ಇದೆ. 2020ರ ಜೂನ್‌ನಿಂದ ಆಗಸ್ಟ್‌ವರೆಗೆ ಬೆಂಗಳೂರಿನ 13 ಆಸ್ಪತ್ರೆಗಳ ವೈದ್ಯರು ಕೋವಿಡ್ ಜೊತೆ ಲಕ್ವ ಹೊಡೆದ 62 ರೋಗಿಗಳ ವಿವರ ಕೂಡಿಸಿದರು. ಅವರಲ್ಲಿ ಸುಮಾರು ಮೂವರಲ್ಲಿ ಒಬ್ಬರು 50 ವರ್ಷದೊಳಗಿನವರು. ಕೋವಿಡ್‌ಗೆ ಮೊದಲು, ಹಿಂದಿನ ವರ್ಷ ಅದೇ ತಿಂಗಳುಗಳಲ್ಲಿ ಬಂದಿದ್ದ ಲಕ್ವ ರೋಗಿಗಳ ಜೊತೆ ಹೋಲಿಸಿದಾಗ ಇವರಲ್ಲಿ ಸಾವೂ ಹೆಚ್ಚು, ಬದುಕಿದವರಲ್ಲಿ ಅಂಗವೈಕಲ್ಯವೂ ಹೆಚ್ಚು ಎಂದು ಕಂಡುಬಂತು.

ಜ್ವರ ಇಳಿದ ಮೇಲೂ ಅಪಾಯ ಎಷ್ಟು ದಿನ? 2021ರಲ್ಲಿ ಪ್ರಕಟವಾದ ಸ್ವೀಡನ್ ದೇಶದ ಅಧ್ಯಯನದಲ್ಲಿ 86,742 ಕೋವಿಡ್ ರೋಗಿಗಳ ದಾಖಲೆ ನೋಡಿದರು. ಸೋಂಕಿನ ಮೊದಲ ಎರಡು ವಾರಗಳಲ್ಲಿ ಲಕ್ವದ ಸಾಧ್ಯತೆ ಸುಮಾರು ಮೂರು ಪಟ್ಟು ಇತ್ತು. ಅಮೆರಿಕದ ನಿವೃತ್ತ ಸೈನಿಕರ ದಾಖಲೆಗಳ ಅಧ್ಯಯನ 2022ರಲ್ಲಿ ಬಂತು. ಕೋವಿಡ್ ಬಂದುಹೋದ ಸಾವಿರ ಮಂದಿಯಲ್ಲಿ ಒಂದು ವರ್ಷದೊಳಗೆ ಸುಮಾರು 4 ಲಕ್ವಗಳು ಹೆಚ್ಚುವರಿಯಾಗಿ ಆಗಿದ್ದವು. ಅವರಲ್ಲಿ ಹೆಚ್ಚಿನವರು ವಯಸ್ಸಾದ ಗಂಡಸರು ಎಂಬುದನ್ನೂ ನೆನಪಿಡಬೇಕು.

ಇಲ್ಲಿ ಕಾಮರ್ಸ್ ವಿದ್ಯಾರ್ಥಿಯಾಗಿ ಒಂದು ಮಾತು. "ಮೂರು ಪಟ್ಟು" ಎಂದರೆ ಭಯವಾಗುತ್ತದೆ, "ಸಾವಿರಕ್ಕೆ ನಾಲ್ಕು" ಎಂದರೆ ಏನೂ ಅಲ್ಲ ಎನಿಸುತ್ತದೆ. ಎರಡೂ ನಿಜವೇ. ಒಬ್ಬ ವ್ಯಕ್ತಿಗೆ ಈ ಅಪಾಯ ಚಿಕ್ಕದು. ಆದರೆ ಲಕ್ಷಗಟ್ಟಲೆ ಜನರಿಗೆ ಸೋಂಕು ತಗುಲಿದಾಗ ಸಾವಿರಕ್ಕೆ ನಾಲ್ಕು ಎಂಬುದೇ ಲಕ್ಷಕ್ಕೆ ನಾನೂರು ಮನೆಗಳಾಗುತ್ತದೆ.

ನಮ್ಮ ಕಡೆ ಆದದ್ದು

ದೇಶದ ಮೊದಲ ಕೋವಿಡ್ ಸಾವು ಆದದ್ದು ನಮ್ಮ ರಾಜ್ಯದ ಕಲಬುರಗಿಯವರದ್ದು, 2020ರ ಮಾರ್ಚ್‌ನಲ್ಲಿ. ಅದೇ ತಿಂಗಳು 27ರಂದು ತುಮಕೂರು ಜಿಲ್ಲೆಯ ಮೊದಲ ಸಾವಿನ ಸುದ್ದಿ ಬಂತು. ತೀರಿಕೊಂಡವರು ಶಿರಾದ ಹಿರಿಯರೊಬ್ಬರು. ಆಗ ಕಾಯಿಲೆಗಿಂತ ಬೇಗ ಭಯ ಹರಡಿತು. ಜ್ವರ ಬಂದರೆ ಹೇಳಿಕೊಳ್ಳಲು ಜನ ಹೆದರುತ್ತಿದ್ದರು, ಆಸ್ಪತ್ರೆಗೆ ಹೋದರೆ ಮನೆಗೆ ವಾಪಸ್ ಬರುವುದಿಲ್ಲ ಎಂಬ ಮಾತು ಬೀದಿ ಬೀದಿಯಲ್ಲಿತ್ತು. ಲಕ್ವದಂಥ ಕಾಯಿಲೆಗೆ ಈ ಹೆದರಿಕೆ ಬಹಳ ದುಬಾರಿ.

ನಮ್ಮ ನಾನಾ (ತಾಯಿಯ ತಂದೆ) ಅವರಿಗೆ ಎರಡನೇ ಅಲೆಯಲ್ಲಿ ಜ್ವರ ಬಂದು ಹತ್ತು ದಿನಕ್ಕೆ ಗುಣವಾಯಿತು. ಅದಾದ ಮುಂದಿನ ವಾರ ಫಜರ್ ನಮಾಜಿಗೆ ಎದ್ದಾಗ ವಜೂ ಮಾಡುವ ಚೊಂಬು ಬಲಗೈಯಿಂದ ಜಾರಿತು. ಮಾತು ತೊದಲಿತು. ಜ್ವರದ ನಿಶ್ಶಕ್ತಿ ಇರಬೇಕು, ಮಲಗಲಿ ಎಂದು ದೊಡ್ಡವರು ತೀರ್ಮಾನಿಸಿದರು. ಮಧ್ಯಾಹ್ನ ಒಬ್ಬರು ಎಣ್ಣೆ ತಂದು ತಿಕ್ಕಿದರು. ಪಾರಿವಾಳದ ರಕ್ತ ಹಚ್ಚಿದರೆ ಸರಿಹೋಗುತ್ತದೆ ಎಂದು ಇನ್ನೊಬ್ಬರು ಹೇಳಿದರು. ಆಸ್ಪತ್ರೆ ಸೇರಿದಾಗ ರಾತ್ರಿಯಾಗಿತ್ತು. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಹೊತ್ತು ಮೀರಿದೆ ಎಂದು ವೈದ್ಯರು ಹೇಳಿದರು. ನಾನಾ ಇವತ್ತಿಗೂ ಎಡಗೈಯಲ್ಲೇ ಊಟ ಮಾಡುತ್ತಾರೆ, ಅದಕ್ಕೆ ಪ್ರತಿ ಸಲವೂ ಸಂಕೋಚಪಡುತ್ತಾರೆ. ಅವರು ಮೊದಲು ಟೈಲರ್ ಆಗಿದ್ದರು.

ಇದರಲ್ಲಿ ಯಾರನ್ನೂ ದೂರುವಂತಿಲ್ಲ. ಎಲ್ಲರೂ ಅವರ ಒಳ್ಳೆಯದಕ್ಕೇ ಮಾಡಿದರು. ಗೊತ್ತಿರಬೇಕಾದ ಒಂದು ಸಂಗತಿ ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ. ಆ ಸಂಗತಿ ಮುಂದಿನದು.

ನಾಲ್ಕೂವರೆ ಗಂಟೆಯ ಲೆಕ್ಕ

ನಾಳದಲ್ಲಿನ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ಲಕ್ವ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ದೊಡ್ಡ ನಾಳ ಮುಚ್ಚಿದ್ದರೆ ತೊಡೆಯ ಅಥವಾ ಕೈಯ ನಾಳದಿಂದ ತೆಳುವಾದ ಕೊಳವೆ ಕಳಿಸಿ ಹೆಪ್ಪನ್ನು ಹೊರಗೆ ಎಳೆಯುವ ಚಿಕಿತ್ಸೆಯೂ ಇದೆ. ಅದು ಸಾಮಾನ್ಯವಾಗಿ ಆರು ಗಂಟೆಯೊಳಗೆ, ಸ್ಕ್ಯಾನ್ ನೋಡಿ ಆರಿಸಿದ ಕೆಲವರಿಗೆ 24 ಗಂಟೆಯವರೆಗೂ ಸಾಧ್ಯ. ಆದರೆ ಅದು ದೊಡ್ಡ ನಗರಗಳ ಆಸ್ಪತ್ರೆಗಳಲ್ಲಿ ಸಿಗುವಂಥದ್ದು.

ಈಗ ನಮ್ಮ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ತೆಗೆದುಕೊಳ್ಳೋಣ. ತುಮಕೂರಿಗೆ ಹೋಗಬೇಕಾಗಿ ಬಂದರೆ ಕೊರಟಗೆರೆಯಿಂದ ಮೂವತ್ತು ಕಿಲೋಮೀಟರಿನೊಳಗೆ, ಮಧುಗಿರಿಯಿಂದ ನಲವತ್ತಕ್ಕೆ ಸ್ವಲ್ಪ ಮೇಲೆ, ಶಿರಾದಿಂದ ಸುಮಾರು ಐವತ್ತು, ಪಾವಗಡದಿಂದ ಸುಮಾರು ನೂರು. ಪಾವಗಡದ ಸುತ್ತ ಬಹುಪಾಲು ಆಂಧ್ರದ ಗಡಿ. ಅಲ್ಲಿನವರಿಗೆ ಹಿಂದೂಪುರ, ಅನಂತಪುರದ ಕಡೆ ಹೋಗುವ ಅಭ್ಯಾಸವೂ ಇದೆ.

ನಾಲ್ಕೂವರೆ ಗಂಟೆ ಎಂದರೆ 270 ನಿಮಿಷ. ಆ್ಯಂಬುಲೆನ್ಸ್ ಬರಲು 30 ನಿಮಿಷ, ಆಸ್ಪತ್ರೆಯಲ್ಲಿ ಸ್ಕ್ಯಾನ್ ಮತ್ತು ರಕ್ತಪರೀಕ್ಷೆಗೆ 60 ನಿಮಿಷ ತೆಗೆಯೋಣ. ಉಳಿಯುವುದು 180. ಪಯಣದ ಹೊತ್ತು ನನ್ನ ಅಂದಾಜು. ಕೊರಟಗೆರೆಯಿಂದ 45 ನಿಮಿಷ ಹಿಡಿದರೆ ಕೈಯಲ್ಲಿ ಉಳಿಯುವುದು 135 ನಿಮಿಷ. ಶಿರಾದಿಂದ 60 ಹಿಡಿದರೆ 120. ಮಧುಗಿರಿಯಿಂದ 70 ಹಿಡಿದರೆ 110. ಪಾವಗಡದಿಂದ 140 ಹಿಡಿದರೆ ಬರೀ 40. ಇದು ತಾಲ್ಲೂಕು ಕೇಂದ್ರದ ಲೆಕ್ಕ. ಒಳಗಿನ ಹಳ್ಳಿಯಾದರೆ ಇನ್ನೂ ಕಳೆಯಬೇಕು.

ಪಾವಗಡದ ಒಂದು ಮನೆಯಲ್ಲಿ "ಏನಾಗಿದೆ, ಯಾರನ್ನು ಕರೆಯೋಣ" ಎಂದು ಮಾತಾಡಿಕೊಳ್ಳಲು ಇರುವುದು ಆ ನಲವತ್ತು ನಿಮಿಷ ಮಾತ್ರ. ಹತ್ತಿರದ ಊರಿನವರು 135 ನಿಮಿಷ ಇದೆಯಲ್ಲ ಎಂದು ಕೂರುವಂತೆಯೂ ಇಲ್ಲ. ಇಂಜೆಕ್ಷನ್ ಬೇಗ ಸಿಕ್ಕಷ್ಟೂ ಗುಣ ಹೆಚ್ಚು. ಬ್ಯಾಂಕಿನ ಕೊನೆಯ ದಿನಾಂಕದಂತೆ ಕೊನೇ ಕ್ಷಣದವರೆಗೆ ಕಾಯುವ ಗಡುವು ಇದಲ್ಲ.

ಗುರುತಿಸುವುದು ಹೇಗೆ, ಮಾಡಬೇಕಾದದ್ದೇನು?

ಮೂರು ಮಾತು ನೆನಪಿಟ್ಟುಕೊಂಡರೆ ಸಾಕು: ನಗಿಸಿ, ಎತ್ತಿಸಿ, ಮಾತಾಡಿಸಿ.

ನಗಲು ಹೇಳಿ. ಬಾಯಿ ಒಂದು ಕಡೆ ವಾಲುತ್ತದೆಯೇ ನೋಡಿ. ಎರಡೂ ಕೈ ಮುಂದೆ ಎತ್ತಲು ಹೇಳಿ. ಒಂದು ಕೈ ತಾನಾಗಿ ಕೆಳಗೆ ಇಳಿಯುತ್ತದೆಯೇ ನೋಡಿ. ಒಂದು ಸರಳ ವಾಕ್ಯ ಹೇಳಿಸಿ. ಮಾತು ತೊದಲುತ್ತದೆಯೇ, ನಿಮ್ಮ ಮಾತು ಅವರಿಗೆ ಅರ್ಥವಾಗುತ್ತಿದೆಯೇ ಗಮನಿಸಿ. ಇವುಗಳಲ್ಲಿ ಒಂದು ಇದ್ದರೂ ಲಕ್ವ ಎಂದೇ ತಿಳಿಯಿರಿ. ಇದ್ದಕ್ಕಿದ್ದಂತೆ ಕಣ್ಣು ಮಂಜಾಗುವುದು, ನಡೆಯುವಾಗ ಓಲಾಡುವುದು, ಹಿಂದೆಂದೂ ಬಾರದಂಥ ತಲೆನೋವು ಕೂಡ ಲಕ್ಷಣಗಳೇ. ಹತ್ತು ನಿಮಿಷದಲ್ಲಿ ತಾನಾಗಿ ಸರಿಹೋದರೂ ಆಸ್ಪತ್ರೆಗೆ ಹೋಗಲೇಬೇಕು. ಅದು ದೊಡ್ಡ ಲಕ್ವಕ್ಕೆ ಮುನ್ಸೂಚನೆ ಇರಬಹುದು.

ತಕ್ಷಣ 108ಕ್ಕೆ ಕರೆ ಮಾಡಿ. "ಲಕ್ವ ಹೊಡೆದಿದೆ, ಇಷ್ಟು ಗಂಟೆಗೆ ಶುರುವಾಯಿತು" ಎಂದು ಹೇಳಿ. ರೋಗಿ ಕೊನೆಯದಾಗಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂದು ಬರೆದಿಟ್ಟುಕೊಳ್ಳಿ. ವೈದ್ಯರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದು. ನಿದ್ದೆಯಿಂದ ಏಳುವಾಗಲೇ ಹೀಗಾಗಿದ್ದರೆ ರಾತ್ರಿ ಮಲಗಿದ ಹೊತ್ತನ್ನು ಹೇಳಬೇಕು. ಅವರು ತೆಗೆದುಕೊಳ್ಳುವ ಮಾತ್ರೆಗಳ ಚೀಟಿ, ಆಧಾರ್, ರೇಷನ್ ಕಾರ್ಡ್ ಜೊತೆಗಿರಲಿ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ದುಡ್ಡು ಹೊಂದಿಸಿಕೊಂಡು ಹೋಗೋಣ ಎಂದು ಹೊತ್ತು ಕಳೆಯಬಾರದು.

ಮಾಡಬಾರದ್ದು ಇನ್ನೂ ಮುಖ್ಯ. ಬಾಯಿಗೆ ನೀರು, ಚಹಾ, ಔಷಧಿ ಏನನ್ನೂ ಹಾಕಬೇಡಿ. ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಸ್ಕ್ಯಾನ್ ಆಗುವ ಮೊದಲು ರಕ್ತ ತೆಳುವಾಗಿಸುವ ಮಾತ್ರೆಯನ್ನು ನಾವೇ ಕೊಡಬಾರದು. ನಾಳ ಒಡೆದ ಲಕ್ವವಾಗಿದ್ದರೆ ಅದರಿಂದ ರಕ್ತಸ್ರಾವ ಹೆಚ್ಚುತ್ತದೆ. ಎಣ್ಣೆ ತಿಕ್ಕುವುದರಿಂದ ಮೆದುಳಿನೊಳಗಿನ ಹೆಪ್ಪು ಕರಗುವುದಿಲ್ಲ. ವಾಂತಿ ಬಂದರೆ ಮಗ್ಗುಲಾಗಿ ಮಲಗಿಸಿ. ದಮ್ ಮಾಡಿಸಲು, ಹರಕೆ ಹೊರಲು ಯಾರೂ ಬೇಡ ಎನ್ನುವುದಿಲ್ಲ. ದುಆವನ್ನು ಆ್ಯಂಬುಲೆನ್ಸಿನಲ್ಲಿ ಕುಳಿತೂ ಮಾಡಬಹುದು.

ಲಸಿಕೆಯ ಪ್ರಶ್ನೆ

ಲಕ್ವ, ಹೃದಯಾಘಾತದ ಮಾತು ಬಂದಾಗಲೆಲ್ಲ "ಅದು ಲಸಿಕೆಯಿಂದ" ಎಂದು ಯಾರಾದರೂ ಹೇಳುತ್ತಾರೆ. ಇದರಲ್ಲಿ ನಿಜ ಎಷ್ಟು? ಕೋವಿಶೀಲ್ಡ್ ಮಾದರಿಯ ಲಸಿಕೆಯಿಂದ ರಕ್ತ ಹೆಪ್ಪುಗಟ್ಟುವ ಒಂದು ಅಪರೂಪದ ತೊಂದರೆ ಆಗುತ್ತದೆ ಎಂಬುದು ಸುಳ್ಳಲ್ಲ. ಅದು ಹತ್ತು ಲಕ್ಷ ಮಂದಿಯಲ್ಲಿ ಕೆಲವರಿಗೆ, ಲಸಿಕೆಯಾದ ಮೊದಲ ಕೆಲವು ವಾರಗಳಲ್ಲಿ ಕಂಡದ್ದು. ಆದರೆ 2021ರಲ್ಲಿ ಇಂಗ್ಲೆಂಡಿನಲ್ಲಿ 2.9 ಕೋಟಿ ಲಸಿಕೆ ಪಡೆದವರ ದಾಖಲೆ ನೋಡಿದಾಗ ಹೆಪ್ಪುಗಟ್ಟುವ ತೊಂದರೆಗಳು ಲಸಿಕೆಗಿಂತ ಸೋಂಕಿನಿಂದಲೇ ಎಷ್ಟೋ ಪಟ್ಟು ಹೆಚ್ಚು ಎಂದು ತಿಳಿಯಿತು. ನಮ್ಮ ವಯಸ್ಸಿನ ಅನೇಕರು 2022ರಲ್ಲಿ ಶಾಲೆಯಲ್ಲೇ ಹಾಕಿಸಿಕೊಂಡದ್ದು ಕೋರ್ಬಿವ್ಯಾಕ್ಸ್. ಅದು ಬೇರೆಯೇ ಬಗೆಯ ಲಸಿಕೆ.

2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತಗಳ ಸುದ್ದಿ ಬಂದಾಗ ಇದೇ ಅನುಮಾನ ಎದ್ದಿತು. ಜಯದೇವ ಸಂಸ್ಥೆಯ ಅಂದಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿ ಚಿಕ್ಕ ವಯಸ್ಸಿನ ಹೃದ್ರೋಗಿಗಳನ್ನು ಪರಿಶೀಲಿಸಿ, ಲಸಿಕೆಗೂ ಇದಕ್ಕೂ ನೇರ ಸಂಬಂಧ ಕಂಡಿಲ್ಲ ಎಂದು ಸರ್ಕಾರಕ್ಕೆ ವರದಿ ಕೊಟ್ಟಿತು. ಅವರಲ್ಲಿ ಹಲವರಿಗೆ ಇದ್ದದ್ದು ಬಿಪಿ, ಶುಗರ್, ಧೂಮಪಾನ. ಲಕ್ವಕ್ಕೂ ಇವೇ ಮೂಲ.

ನಾವು ಮಾಡಬಹುದಾದದ್ದು

ಈಗ ಕೋವಿಡ್ ಮೊದಲಿನಷ್ಟು ಭಯಂಕರವಲ್ಲ. ಲಸಿಕೆಯಿಂದಲೂ ಹಿಂದಿನ ಸೋಂಕಿನಿಂದಲೂ ನಮಗೆ ಪ್ರತಿರೋಧ ಬಂದಿದೆ. ಆದರೆ ಯಾವುದೇ ಜೋರು ಜ್ವರದ ನಂತರ ಕೆಲವು ವಾರ ಹಿರಿಯರನ್ನು ಗಮನಿಸುವುದು ಒಳ್ಳೆಯದು. ನೀರು ಕುಡಿಸಿ, ವೈದ್ಯರು ಒಪ್ಪಿದರೆ ಮನೆಯೊಳಗೇ ಸ್ವಲ್ಪ ನಡೆಸಿ, ಬಿಪಿ ಮಾತ್ರೆ ನಿಲ್ಲಿಸಲು ಬಿಡಬೇಡಿ. ರಂಜಾನ್‌ನಲ್ಲಿ ರೋಜಾ ಇರುವ ಹಿರಿಯರು ಮಾತ್ರೆಯನ್ನೇ ಬಿಟ್ಟುಬಿಡುವುದುಂಟು. ಸೆಹರಿ ಮತ್ತು ಇಫ್ತಾರ್ ಹೊತ್ತಿಗೆ ಹೊಂದಿಸಿಕೊಡಲು ಸಾಧ್ಯವೇ ಎಂದು ರಂಜಾನ್‌ಗೆ ಮುಂಚೆಯೇ ವೈದ್ಯರನ್ನು ಕೇಳಬೇಕು.

ಸರ್ಕಾರಿ ಆಸ್ಪತ್ರೆಗಳಲ್ಲಿ ಮೂವತ್ತು ದಾಟಿದವರಿಗೆ ಬಿಪಿ, ಶುಗರ್ ಪರೀಕ್ಷೆ ಉಚಿತ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಮೆದುಳಿನ ಆರೋಗ್ಯಕ್ಕಾಗಿಯೇ ಒಂದು ಕಾರ್ಯಕ್ರಮ ಶುರುಮಾಡಿದೆ. ಲಕ್ವವೂ ಅದರಲ್ಲಿ ಸೇರಿದೆ. ಲಕ್ವ ಹೊಡೆದು ವರ್ಷಗಳಾದವರಿಗೂ ವ್ಯಾಯಾಮ ಚಿಕಿತ್ಸೆಯಿಂದ ಸ್ವಲ್ಪ ಸ್ವಲ್ಪವಾಗಿ ಸುಧಾರಣೆ ಆಗಬಹುದು. ಉಳಿದ ಮೆದುಳು ಹೊಸ ಕೆಲಸ ಕಲಿಯುತ್ತದೆ.

ಪ್ರತಿ ವರ್ಷ ಅಕ್ಟೋಬರ್ 29 ವಿಶ್ವ ಪಾರ್ಶ್ವವಾಯು ದಿನ. ಆ ದಿನಕ್ಕೆ ಕಾಯಬೇಕಿಲ್ಲ. ಈ ವಾರವೇ ಮನೆಯಲ್ಲಿ ಎರಡು ವಿಷಯ ವಿಚಾರಿಸಿ ಬರೆದಿಡಿ: ನಮ್ಮ ಊರಿಗೆ ಹತ್ತಿರದಲ್ಲಿ ಹಗಲೂ ರಾತ್ರಿಯೂ ಸಿ.ಟಿ. ಸ್ಕ್ಯಾನ್ ಮಾಡುವ ಆಸ್ಪತ್ರೆ ಯಾವುದು, ಅಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತಾರೆಯೇ. ಆ ಚೀಟಿಯನ್ನು 108ರ ಜೊತೆಗೆ ಎಲ್ಲರಿಗೂ ಕಾಣುವ ಕಡೆ ಗೋಡೆಗೆ ಅಂಟಿಸಿ. ಓದಲು ಬಾರದ ದಾದಿ, ಅಜ್ಜಿಯರಿಗೆ ನಗಿಸುವುದು, ಎತ್ತಿಸುವುದು, ಮಾತಾಡಿಸುವುದನ್ನು ಮಾಡಿ ತೋರಿಸಿ. ಹಗಲಲ್ಲಿ ಮನೆಯಲ್ಲಿ ಇರುವವರು ಹೆಚ್ಚಾಗಿ ಅವರೇ.